ಅಳತಿ ಸರಿ ಅದ

ಧಾರವಾಡದಲ್ಲಿ ಒಂದು ಮಕ್ಕಳ ಮಾಸಪತ್ರಿಕೆ ಇತ್ತು. ಅದರ ಸಂಪಾದಕರು ವಾಮನರಾಯರು. ಕಥೆಗಳಿಗೆ ಚಿತ್ರ ಬರೆಯುತ್ತಿದ್ದವಳು ದಾಕ್ಷಾಯಣಿ. ಪ್ರತಿ ತಿಂಗಳೂ ಅವಳು ಚಿತ್ರ ತಂದು ಮೇಜಿನ ಮೇಲಿಡುತ್ತಿದ್ದಳು. ರಾಯರು ಸ್ಕೇಲು ಹಿಡಿದು ಉದ್ದ ಅಗಲ ನೋಡಿ, "ಅಳತಿ ಸರಿ ಅದ" ಎನ್ನುತ್ತಿದ್ದರು. ಬೇರೆ ಮಾತಿಲ್ಲ.

ಅವರಿಗೆ ಚಿತ್ರ ಹಿಡಿಸಿರಲಿಲ್ಲ ಎಂದುಕೊಳ್ಳಬೇಡಿ. ಅವಳು ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದರು. ಚಹಾ ಆರಿಹೋಗುತ್ತಿತ್ತು. ಆದರೆ ಹೊಗಳಿದರೆ ಕಲಾವಿದರ ಕೈ ಕೆಡುತ್ತದೆ ಎಂಬುದೊಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರು ಕೂರಿಸಿದರೋ!

ಒಮ್ಮೆ ದಾಕ್ಷಾಯಣಿ ಹೋಗದೆ ನಿಂತಳು.

"ಸರ, ಚಿತ್ರ ಹೆಂಗ ಬಂದೈತ್ರಿ?"

ಮಾತು ರಾಯರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

"ಅಳತಿ ಸರಿ ಅದ ಅಂದೆನಲ್ಲವಾ."

ಮುಂದಿನ ತಿಂಗಳು ಚಿತ್ರ ಬರಲಿಲ್ಲ. ಜ್ವರ ಬಂದು ದಾಕ್ಷಾಯಣಿ ತೀರಿಕೊಂಡಿದ್ದಳು.

ರಾಯರು ಅವಳ ಮನೆಗೆ ಹೋದರು. ತಾಯಿ ನೀಲವ್ವನ ಮುಂದೆ ಕೂತು, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಹೇಳಿದರು.

"ನಿಮ್ಮ ಮಗಳ ಗೆರಿ ಎಲ್ಲೂ ಪೂರ್ತಿ ಮುಚ್ಚೂದಿಲ್ಲ ನೋಡ್ರಿ. ಗಾಳಿ ಆಡಲಿಕ್ಕೆ ಒಂದಿಷ್ಟು ಜಾಗಾ ಬಿಡತಿದ್ದಳು. ಕಥಿಯೊಳಗಿನ ಮಂದಿನ್ನ ಹಾಳಿ ಅಂಚಿನಾಗ ನಿಲ್ಲಸತಿದ್ದಳು. ನಡುವ ಖಾಲಿ. ಅವರು ಯಾರ ದಾರಿ ಕಾಯ್ತಾರೋ ಅದು ಅವರ ಜಾಗಾ. ಕಾಯೋರ ದುಃಖ ಇಷ್ಟು ಚಂದ ಬರೆದವರನ್ನ ನಾ ನೋಡಿಲ್ಲ."

ನೀಲವ್ವ ಪೂರ್ತಿ ಕೇಳಿಸಿಕೊಂಡರು.

"ಆಕಿ ನಿಮ್ಮ ಆಫೀಸಿಂದ ಬಂದಾಗೆಲ್ಲ ಕೇಳತಿದ್ನಿ, ಸಾಹೇಬ್ರು ಏನಂದ್ರು ಅಂತ. 'ಅಳತಿ ಸರಿ ಐತಂತ ಯವ್ವಾ' ಅಂತಿದ್ಲು. ಇದನ್ನೆಲ್ಲ ಈಗ ನನಗ್ಯಾಕ ಹೇಳ್ತೀರ್ರಿ?"

ನೀಲವ್ವ ಒಳಗೆ ಹೋಗಿ ಮಗಳ ಕೊನೆಯ ಚಿತ್ರ ತಂದುಕೊಟ್ಟರು. ಹಾಳೆಯ ಅಂಚಿನಲ್ಲಿ ಹುಡುಗಿಯೊಬ್ಬಳು ತಾನು ಬರೆದ ಚಿತ್ರ ಹಿಡಿದು ನಿಂತಿದ್ದಾಳೆ. ನಡುವೆ ಒಂದು ಖಾಲಿ ಕುರ್ಚಿ. ಬೆತ್ತ ಹರಿದಿದೆ, ಒಂದು ಕೈ ಮುರಿದಿದೆ. ಅದು ರಾಯರು ದಿನಾ ಆಫೀಸಿನಲ್ಲಿ ಕೂರುವ ಕುರ್ಚಿ.

ಈ ಚಿತ್ರವನ್ನು ಅವರು ಅಳೆಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಅತ್ತರು.

ನೀತಿ: ಒಬ್ಬರ ಕೆಲಸ ಮನಸ್ಸಿಗೆ ಹಿಡಿಸಿದರೆ ಅದನ್ನು ಅವರಿಗೇ ಹೇಳಿ, ಅವರು ಎದುರಿಗೆ ನಿಂತಿರುವಾಗಲೇ ಹೇಳಿ. ಮೆಚ್ಚುಗೆಯಿಂದ ಯಾರ ಕೈಯೂ ಕೆಡುವುದಿಲ್ಲ ಮಕ್ಕಳೇ. ತಡವಾಗಿ ಹೇಳಿದ ಮೆಚ್ಚುಗೆಯನ್ನು ಕೇಳಿಸಿಕೊಳ್ಳಬೇಕಾದವರು ಅಲ್ಲಿರುವುದಿಲ್ಲ.