ಮನಸ್ಸು ಕೇಳುವ ಟೋಪಿ

ಇತರರ ಮನಸ್ಸಿನ ಮಾತು ಕೇಳಿಸುವ ಯಂತ್ರದ ಟೋಪಿಯೊಂದು ಕೋತಿಗೆ ಸಿಕ್ಕಿತು. ಅದು ಕಾಮಿಕ್ಸಿನ ಸೂಪರ್‌ಹೀರೋನಂತೆ ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಕಾಡಿನ ಕಾವಲಿಗೆ ನಿಂತಿತು. ಒಂದು ದಿನ ದಾರಿಯಲ್ಲಿ ಹೋಗುತ್ತಿದ್ದ ಮುಂಗುಸಿಯ ಕತ್ತು ಹಿಡಿದು, "ಕಳ್ಳ! ನೀನು ಕೋಳಿಯ ಮೊಟ್ಟೆ ತಿನ್ನಬೇಕೆಂದುಕೊಂಡೆ. ಕಾಡು ಬಿಟ್ಟು ತೊಲಗು!" ಎಂದಿತು.

"ಅಂದುಕೊಂಡೆ, ನಿಜ. ಮೂರು ದಿನದ ಹಸಿವು," ಎಂದು ಮುಂಗುಸಿ ಸಿಡಿಯಿತು. "ಆದರೆ ಬೇಡವೆಂದು ಮುಟ್ಟದೆ ಬಂದೆ. ಅದು ನಿನಗೆ ಕೇಳಿಸಲಿಲ್ಲವೇ?"

"ಕೆಟ್ಟ ಯೋಚನೆ ಬಂದರೆ ಸಾಕು, ಅಪರಾಧವೇ," ಎಂದಿತು ಕೋತಿ.

ಗೂಡಿನಿಂದ ಕೋಳಿ ಧಾವಿಸಿ ಬಂದಿತು. "ನನ್ನ ಆರೂ ಮೊಟ್ಟೆ ಗೂಡಿನಲ್ಲೇ ಇವೆ! ಯೋಚನೆಗೇ ಶಿಕ್ಷೆಯಾದರೆ, ಆ ಟೋಪಿ ಇಲ್ಲಿ ಕೊಡು. ನಿನ್ನ ಮನಸ್ಸನ್ನೂ ನಾವು ಕೇಳುತ್ತೇವೆ."

ಕೋತಿ ಮುಂಗುಸಿಯನ್ನು ಬಿಟ್ಟಿತು. ಎರಡೂ ಕೈಯಿಂದ ಟೋಪಿಯನ್ನು ಒತ್ತಿ ಹಿಡಿದುಕೊಂಡು ಹಿಂದೆ ಹಿಂದೆ ಸರಿಯಿತು.