ಗುಬ್ಬಿಗೂ ರಾಜಹಂಸಕ್ಕೂ ಪಂದ್ಯ

"ನಮ್ಮ ರಾಜಹಂಸದ ಮುಂದೆ ಯಾವ ವಿಮಾನ ನಿಲ್ಲುತ್ತೆ, ಹೇಳಿ ನೋಡೋಣ!" ಎಂದು ದೊರೆ ಉದಯಾದಿತ್ಯ ಮೀಸೆ ತಿರುವಿದ.

ದೊರೆಗಳೂ ವಿಮಾನಗಳೂ ಒಟ್ಟಿಗೇ ಇದ್ದ ಕಾಲ ಯಾವುದು ಎಂದು ದಯವಿಟ್ಟು ಕೇಳಬೇಡಿ. ಬೆಟ್ಟದಕೋಟೆಯಲ್ಲಿ ಎರಡೂ ಇದ್ದವು.

ಅಲ್ಲಿಂದ ಕಡಲೂರಿಗೆ ದಿನಕ್ಕೆ ಎರಡು ವಿಮಾನ. ಒಂದು ಸರ್ಕಾರದ ರಾಜಹಂಸ. ರೇಷ್ಮೆ ಸೀಟು, ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು. ಇನ್ನೊಂದು ಹೊನ್ನಾಬಾಯಿಯ ಗುಬ್ಬಿ. ಹಿಂದೆ ಬಾಡಿಗೆ ಎತ್ತಿನಗಾಡಿ ಓಡಿಸುತ್ತಿದ್ದವಳು ಅವಳು. ಗುಬ್ಬಿಯಲ್ಲಿ ಟಿಕೆಟ್ ಅಗ್ಗ, ಸೀಟು ಗಟ್ಟಿ, ಕುಡಿಯುವ ನೀರು ಮನೆಯಿಂದಲೇ ತರಬೇಕು. ಆದರೂ ಜನ ಗುಬ್ಬಿಗೇ ಮುಗಿಬೀಳುತ್ತಿದ್ದರು. ರಾಜಹಂಸದ ಬಾದಾಮಿ ಹಾಲು ಸುಮ್ಮನೆ ಕೆನೆಗಟ್ಟುತ್ತಿತ್ತು.

"ಗುಬ್ಬೀನ ನಿಲ್ಲಿಸಿಬಿಡಿ ಭಾವ. ಜನ ತಾವಾಗೇ ನಮ್ಮ ಕಡೆ ಬರ್ತಾರೆ," ಎಂದ ಕೆಂಚರಾಜ. ಅವನು ರಾಣಿಯ ತಮ್ಮ. ರಾಜಹಂಸದ ಉಸ್ತುವಾರಿ ಅವನದೇ.

ಮೂಲೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ನಾಗಲೆ! ಆಸ್ಥಾನದಲ್ಲೂ ವಿಮಾನ ನಿಲ್ದಾಣದಲ್ಲೂ ಘೋಷಣೆ ಹೇಳುವವಳು. ಮೈಕು ಇಲ್ಲದಾಗ ಅವಳ ದನಿ ಪಕ್ಕದವರಿಗೂ ಕೇಳುವುದು ಕಷ್ಟ.

"ಪ್ರಭು, ನಿಲ್ಲಿಸೋ ಮುಂಚೆ ಒಂದು ಪಂದ್ಯ ಇಡಬಹುದಲ್ಲ?"

ಕೆಂಚರಾಜ ಹೊಟ್ಟೆ ಹಿಡಿದು ನಕ್ಕ. "ಪಂದ್ಯವಂತೆ! ನಮ್ಮದು ಅರ್ಧ ಗಂಟೆಗೆ ಕಡಲೂರು ಮುಟ್ಟುತ್ತೆ. ಆ ಡಬ್ಬಾಗೆ ಪೂರ್ತಿ ಒಂದು ಗಂಟೆ ಬೇಕು ತಾಯಿ."

ದೊರೆಗೂ ಉತ್ಸಾಹ ಬಂತು. "ಆಗಲಿ. ನಾಳೆ ಬೆಳಿಗ್ಗೆ ಎಂಟಕ್ಕೆ ಎರಡೂ ಹೊರಡಲಿ. ಗುಬ್ಬಿ ಸೋತರೆ ಮತ್ತೆ ಹಾರೋ ಹಾಗಿಲ್ಲ. ಗೆದ್ದರೆ ಯಾರೂ ಅದರ ತಂಟೆಗೆ ಹೋಗೋ ಹಾಗಿಲ್ಲ."

"ಒಂದೇ ಕೋರಿಕೆ ಪ್ರಭು," ಎಂದಳು ನಾಗಲೆ. " ರಾಜಹಂಸ ಎಂದಿನ ಪದ್ಧತಿಯಲ್ಲೇ ಹೊರಡಬೇಕು. ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆ ಆಗಬಾರದು."

"ಅದನ್ನೂ ನೀನು ಹೇಳಿಕೊಡಬೇಕಾ?" ಎಂದ ದೊರೆ.

ಸುದ್ದಿ ಕೇಳಿ ಹೊನ್ನಾಬಾಯಿ ಓಡಿಬಂದಳು. "ಏನವ್ವಾ ಇದು! ನಲವತ್ತು ಜನ ಕೆಲಸದವರು ನನ್ನ ನಂಬ್ಕೊಂಡಿದಾರೆ. ಹೋಗಿ ಹೋಗಿ ಓಟದ ಪಂದ್ಯಕ್ಕೆ ಸಿಗಿಸ್ತೀಯಲ್ಲ ನನ್ನ?"

"ನೀವು ಎಂಟಕ್ಕೆ ಸರಿಯಾಗಿ ಬಾಗಿಲು ಹಾಕಿಕೊಂಡು ಹೊರಡಿ ಅಕ್ಕ. ಅಷ್ಟು ಸಾಕು."

ಆ ಸಂಜೆ ನಾಗಲೆ ಮೈಕಿನಲ್ಲಿ ಹೇಳಿದಳು: "ನಾಳೆ ರಾಜಹಂಸದಲ್ಲಿ, ಎಂದಿನಂತೆ, ಆಸ್ಥಾನದ ಗಣ್ಯರಿಗೆ ಪ್ರಯಾಣ ಉಚಿತ."

ಬೆಳಿಗ್ಗೆ ದೊರೆ ನಿಲ್ದಾಣದ ಮಾಳಿಗೆಯಲ್ಲಿ ಬಂದು ಕೂತ. ಕೆಳಗೆ ಗುಬ್ಬಿಯಲ್ಲಿ ಕೋಸಿನ ಬುಟ್ಟಿ, ಅಳುವ ಮಗು, ಆಸ್ಪತ್ರೆಗೆ ಹೊರಟ ಅಜ್ಜಿ. "ಕಾಲು ಒಳಗೆ ಎಳ್ಕೊಳ್ರೀ!" ಎಂದು ಕೂಗಿ ಹೊನ್ನಾಬಾಯಿ ಬಾಗಿಲು ಬಡಿದಳು. ಎಂಟಕ್ಕೆ ಗುಬ್ಬಿ ಗಡಗಡ ಎನ್ನುತ್ತಾ ಎದ್ದು ಹಾರಿತು.

ರಾಜಹಂಸದ ಏಣಿಯ ಬುಡದಲ್ಲಿ ಇಬ್ಬರು ನಿಂತಿದ್ದರು. ಎಡಕ್ಕೆ ಕೆಂಚರಾಜ, ಬಲಕ್ಕೆ ಸೇನಾಪತಿ ಹಂಪರಸ. ರಾಜಹಂಸದ ಪದ್ಧತಿ ಹೇಗೆಂದರೆ, ಎಲ್ಲರಿಗಿಂತ ದೊಡ್ಡವರು ಎಲ್ಲರಿಗಿಂತ ಕೊನೆಗೆ ಹತ್ತಬೇಕು. ಅವರು ಹತ್ತುವ ತನಕ ಬಾಗಿಲು ಹಾಕುವಂತಿಲ್ಲ.

"ತಾವು ಮೊದಲು ದಯಮಾಡಿಸಬೇಕು, ಸೇನಾಪತಿಗಳೇ."

"ಛೆ ಛೆ! ತಾವು ನಡೀರಿ, ನಾನು ಹಿಂದೆ ಬರ್ತೀನಿ."

"ವಯಸ್ಸಾಗಿದೆ, ಪಾಪ, ನಿಂತರೆ ಕಾಲು ನೋಯುತ್ತೆ ನಿಮಗೆ."

"ಯುದ್ಧದಲ್ಲಿ ಮೂರು ದಿನ ನಿಂತ ಕಾಲು ಇದು. ಸಂಜೆ ತನಕ ನಿಲ್ತೀನಿ."

"ರಾಜಹಂಸ ಇನ್ನೇನು ಹೊರಡಲಿದೆ," ಎಂದಳು ನಾಗಲೆ ಮೈಕಿನಲ್ಲಿ. ಹತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಹೇಳಿದಳು. ಒಂಬತ್ತಾಯಿತು. ಚಾಲಕ ಕಿಟಕಿಯಿಂದ ಇಣುಕಿ ಇಣುಕಿ ಸಾಕಾಗಿ, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ತೂಕಡಿಸಿದ.

ಹತ್ತೂಕಾಲಿಗೆ ಗಡಗಡ ಸದ್ದು. ಗುಬ್ಬಿ ಕಡಲೂರಿಗೆ ಹೋಗಿ, ಮೀನಿನ ಬುಟ್ಟಿ ತುಂಬಿಕೊಂಡು ವಾಪಸ್ಸೇ ಬಂದಿತ್ತು! ಹೊನ್ನಾಬಾಯಿ ಇಳಿದವಳು ಏಣಿಯ ಕಡೆ ನೋಡಿ ಕೇಳಿದಳು: "ಇವರು ಹೋಗಿ ಬಂದ್ರಾ, ಇನ್ನೂ ಹೋಗಬೇಕಾ?"

ದೊರೆ ಕೆಂಪಗಾಗಿ ಮಾಳಿಗೆಯಿಂದ ಇಳಿದು ಬಂದ. "ನಾಗಲೆ! ಈ ಇಬ್ಬರನ್ನೂ ಒಂದೇ ವಿಮಾನಕ್ಕೆ ಕರೆದಿದ್ದು ಯಾರು?"

"ಯಾರನ್ನೂ ಕರೆಯಲಿಲ್ಲ ಪ್ರಭು. ಬಿಟ್ಟಿ ಅಂತ ಮಾತ್ರ ಹೇಳಿದೆ. ದೊಡ್ಡವರು ತಾವಾಗೇ ಬಂದರು."

ದೊರೆಯ ಮೀಸೆ ಒಂದು ಕ್ಷಣ ನಡುಗಿತು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ಕೊರಳಿನ ಮುತ್ತಿನ ಸರ ತೆಗೆದು ಅವಳ ಕೈಗಿಟ್ಟ.

"ಗುಬ್ಬಿ ಹಾರಿಕೊಂಡಿರಲಿ, ಇನ್ನು ಯಾರೂ ತಡೆಯಲ್ಲ. ಆದರೆ ನನ್ನ ರಾಜಹಂಸದ ಗತಿ ಏನಮ್ಮ? ಈ ಕಾಯಿಲೆಗೆ ಮದ್ದಿಲ್ಲವಾ?"

"ಇದೆ ಪ್ರಭು. ನಾಳೆ ಎಲ್ಲರಿಗಿಂತ ಮೊದಲು ತಾವೇ ಹತ್ತಿ ಕೂತುಬಿಡಿ," ಎಂದಳು ನಾಗಲೆ ಮೆಲ್ಲಗೆ. "ಆಮೇಲೆ ನೋಡಿ, ಎರಡನೆಯವರಾಗಿ ಹತ್ತೋಕೆ ಇವರಿಬ್ಬರೂ ರಾತ್ರಿಯೇ ಬಂದು ಏಣಿ ಹಿಡ್ಕೊಂಡು ಮಲಗ್ತಾರೆ."