ಬೈರ ಹಿಡಿಯದ ವೀಳ್ಯ

"ಕೇಳಿ, ಕೇಳಿ! ಕಲ್ಗುಂದದ ಬಿಜ್ಜರಾಯರ ಅಪ್ಪಣೆ! ದಸರೆಯ ದಿನ ಹೊಳೆಯ ಸೇತುವೆ ಕುಸಿದು ಜನ ಸತ್ತದ್ದಕ್ಕೆ ಕಲ್ಲುಕುಟಿಗ ಮುತ್ತಣ್ಣನಿಗೆ ಅಮಾವಾಸ್ಯೆಗೆ ಶೂಲ! ಹೊಸ ಸೇತುವೆ ಕಟ್ಟಿಸಲು, ಅರಮನೆಗೂ ಕೆಲಸಗಾರರಿಗೂ ನಡುವೆ ನಿಂತು ಮಾತಾಡುವ ಹೆಗ್ಗಡೆ ಬೇಕು! ರಾಯರ ಮೂರು ಒಗಟು ಬಿಡಿಸಿದವನಿಗೆ ಆ ಪದವಿ, ಜೊತೆಗೆ ಕೇಳಿದ ಒಂದು ವರ! ತಪ್ಪಿದವನಿಗೆ ತಲೆ ಇಲ್ಲ!"

ಡಂಗುರದವನು ಬೈರನ ಗುಡಿಸಲ ಮುಂದೆಯೇ ನಿಂತು ಇದನ್ನು ಕೂಗಿದ. ಬೈರ ಆ ಮುತ್ತಣ್ಣನ ತಮ್ಮ. ಅಣ್ಣ ಕಡಿದ ಕಲ್ಲನ್ನು ಹೊರುವುದು ಇವನ ಕೆಲಸ.

ಆ ಸೀಮೆಯಲ್ಲಿ ಕೆಲಸ ಒಪ್ಪಿಕೊಂಡವನು ಅರಸನ ಕೈಯಿಂದ ವೀಳ್ಯ ಹಿಡಿಯುವುದು ಪದ್ಧತಿ. ಹಿಡಿದ ಮೇಲೆ ಮಾತು ತಪ್ಪುವಂತಿಲ್ಲ. ಕುಸಿದ ಆ ಸೇತುವೆಗೆ ಮಂತ್ರಿ ಮಾಚರಸ ಕಲ್ಲುಕುಟಿಗರನ್ನು ಒಂದು ಮಾತೂ ಕೇಳದೆ ಅವರ ಪರವಾಗಿ ತಾನೇ ವೀಳ್ಯ ಹಿಡಿದಿದ್ದ. "ದಸರೆಯೊಳಗೆ ಮುಗಿಯಿತೆಂದೇ ತಿಳಿಯಿರಿ, ಪ್ರಭು" ಎಂದು ಹಲ್ಲು ಕಿರಿದಿದ್ದ. ಆಮೇಲೆ ಮುತ್ತಣ್ಣ, "ಇನ್ನೊಂದು ಬೇಸ್ಗೆ ಬೇಕು ಸ್ವಾಮಿ, ಗಾರೆ ಒಣಗ್ಬೇಕು" ಎಂದು ಕೈಮುಗಿದರೆ, ಆ ಮಾತು ಮಂತ್ರಿಯ ಗಂಟಲು ದಾಟಿ ಅರಮನೆಗೆ ಹೋಗಲೇ ಇಲ್ಲ. ಎಲೆ ಅಗಿದವನು ಒಬ್ಬ, ಶೂಲಕ್ಕೆ ಹೋಗುವವನು ಇನ್ನೊಬ್ಬ! ಬೈರನ ಮೈಯೆಲ್ಲ ಉರಿಯಿತು. ತಲೆಯ ಸಿಂಬಿಯನ್ನು ನೆಲಕ್ಕೆ ಬಿಸಾಕಿ ಅರಮನೆಯ ದಾರಿ ಹಿಡಿದ.

ಅಲ್ಲಿ ಆಗಲೇ ಸಾಲು ನಿಂತಿತ್ತು. ಒಗಟುಗಳು ರಾಯನಿಗೆ ಅಜ್ಜಿ ಕಲಿಸಿದವು, ಅದು ಊರಿಗೆಲ್ಲ ಗೊತ್ತು. ಉತ್ತರಗಳೂ ಬಾಯಿಪಾಠವಿದ್ದವು. ಬಾಯಿಪಾಠ, ಅಷ್ಟೇ.

"ಒಬ್ಬ ನನ್ನ ಬಾಗಿಲಿಗೆ ಬಂದು ಏಣಿ ಕೊಡಿ ಎನ್ನುತ್ತಾನೆ. ಏಣಿ ಹತ್ತುವ ಆಸೆ ಅವನಿಗಿಲ್ಲ. ಅವನಿಗೆ ಬೇಕಾದ್ದೇನು?"

"ಮಾವಿನಹಣ್ಣು!" ಎಂದ ಸಾಹುಕಾರನ ಮಗ. ಅವನನ್ನು ಎಳೆದೊಯ್ದರು. "ಜೇನು" ಎಂದ ದಂಡನಾಯಕನನ್ನೂ ಎಳೆದೊಯ್ದರು. ಪಂಡಿತನೊಬ್ಬ "ಮೋಕ್ಷ" ಎಂದು ಹೊತ್ತೇರುವ ತನಕ ವಿವರಿಸಿದ. ಅವನಿಗೆ ಅದೇ ಸಿಕ್ಕಿತು.

ಬೈರನ ಸರದಿ ಬಂತು. "ನಂಗೆಂಗ್ ಗೊತ್ತಾಯ್ತದೆ ಬುದ್ಧೀ?" ಎಂದ. ಸಭೆ ಗೊಳ್ಳೆಂದು ನಕ್ಕಿತು. "ನಗ್ಬೇಡಿ! ಅವನ್ನೇ ಕೇಳ್ಬೇಕು. ಹಣ್ಣಿಗಾದ್ರೆ ದೋಟಿ ಸಾಕು. ಮಗು ಮರದ ಮ್ಯಾಲೆ ಸಿಕ್ಕಾಕೊಂಡಿದ್ರೆ ಮರ ಹತ್ತೋನ್ನ ಕೂಗ್ಬೇಕು. ಯಾಕೆ ಅಂತ ಕೇಳ್ದೆ ಏಣಿ ಕೊಡೋನು ದಡ್ಡ."

ರಾಯ ಬೆಚ್ಚಿದ. ಅಜ್ಜಿ ಹೇಳಿದ್ದೂ 'ಅವನನ್ನೇ ಕೇಳು' ಎಂದೇ.

"ಅಂಗೈಯಲ್ಲಿ ಕೂರುತ್ತದೆ, ಆದರೂ ಊರಿಗೆ ಊರೇ ಅದರ ಮೇಲೆ ದಾಟುತ್ತದೆ. ಅದು ಮುರಿದರೆ ಜನ ಉಳಿಯುತ್ತಾರೆ. ಏನದು?"

"ಜೇಡಿಮಣ್ಣಿನ ಸೇತುವೆ. ಕಟ್ಟೋಕ್ ಮುಂಚೆ ನಮ್ಮಣ್ಣ ಪುಟ್ಟದೊಂದ್ ಮಾಡಿ, ಮ್ಯಾಲೆ ಕಲ್ಲು ಹೇರಿ ಮುರೀತಾನೆ. ಎಲ್ಲಿ ಬಿರುಕು ಬಿಡ್ತದೆ ಅಂತ ನೋಡ್ತಾನೆ. ಪ್ರಭುಗಳಿಗೆ ತೋರ್ಸಿ ಅಂತ ಒಂದ್ ಕೊಟ್ ಕಳಿಸಿದ್ದ. ಮಾಚರಸರು ಅದ್ನ ಮೊಮ್ಮಗನ ಆಟಕ್ಕೆ ಕೊಟ್ರು!"

ಈಗ ಯಾರೂ ನಗಲಿಲ್ಲ. ಸಿಂಹಾಸನದ ಪಕ್ಕ ಕೂತಿದ್ದ ಮಾಚರಸ ಶಲ್ಯ ಸರಿಮಾಡಿಕೊಂಡ.

"ಎಲ್ಲಕ್ಕಿಂತ ಕಹಿಯಾದ ಮಾತೊಂದಿದೆ. ಉಗುಳಿದವನಿಗೆ ಬೈಗುಳ ಸಿಗುತ್ತದೆ. ನುಂಗಿದರೆ ನುಂಗಿದವನು ಸಾಯುವುದಿಲ್ಲ, ಬೇರೆಯವರು ಸಾಯುತ್ತಾರೆ. ಯಾವ ಮಾತು?"

"'ಆಗಕ್ಕಿಲ್ಲ' ಅನ್ನೋ ಮಾತು!" ಬೈರ ಕೂಗಿಯೇಬಿಟ್ಟ. "ನುಂಗ್ದೋರು ನಿಮ್ಮ ಪಕ್ಕದಲ್ಲೇ ಕುಂತವ್ರೆ, ನೋಡಿ!"

"ಮೂರೂ ಸರಿ" ಎಂದ ರಾಯ ಮೆಲ್ಲಗೆ. "ವರ ಕೇಳು."

"ವರ ಆಮ್ಯಾಕೆ. ಮೊದ್ಲು ಒಂದ್ ಮಾತು. ನಿಮಗೆ ಆ ಸೇತುವೆ ಯಾಕೆ ಬೇಕಾಗಿತ್ತು ಬುದ್ಧೀ?"

ಇಷ್ಟು ದಿನದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. "ದಸರೆಯ ಆನೆಗಳು ಆಚೆ ದಡದ ದೇವಿಯ ಗುಡಿಗೆ ಹೋಗಲೆಂದು" ಎಂದ ರಾಯ.

"ಆನೆ!" ಬೈರನ ದನಿ ಒಡೆಯಿತು. "ನಮ್ಮಣ್ಣಂಗೆ ಹೇಳಿದ್ದು ಉಪ್ಪಿನ ಗಾಡಿ ಅಂತ! ಎತ್ತಿನ ಗಾಡಿಗೆ ಕಟ್ಟಿದ್ ಕಮಾನು, ಅದೂ ಹಸಿ ಗಾರೆ, ಅದ್ರ ಮ್ಯಾಲೆ ಆನೆ ನಡೆಸಿ, ಈಗ ಅವನ್ನ ಶೂಲಕ್ಕೆ ಹಾಕ್ತೀರಾ?"

ರಾಯ ಮಾಚರಸನತ್ತ ತಿರುಗಿದ. "ಆನೆಗಳ ಮಾತು ನಿಮಗೆ ಹೇಳಿದ್ದೆನಲ್ಲ?"

"ಸೇತುವೆ ಎಂದರೆ ಸೇತುವೆಯೇ ಅಲ್ಲವೇ ಪ್ರಭು, ಅದರಲ್ಲೇನು ಎಂದುಕೊಂಡು..." ಎಂದ ಮಾಚರಸ, ಮತ್ತೆ ಶಲ್ಯ ಎಳೆದುಕೊಳ್ಳುತ್ತ.

"ನೀವೂ ಅಷ್ಟೇ ಬುದ್ಧೀ" ಎಂದ ಬೈರ. ಹೆದರಿಕೆ ಎಂಬುದು ಅವನನ್ನು ಎಂದೋ ಬಿಟ್ಟುಹೋಗಿತ್ತು. "ಅಜ್ಜಿ ಉತ್ತರ ಬಾಯಲ್ಲಿಟ್ಕೊಂಡು ತಲೆ ತೆಗೆಸ್ತಾ ಕುಂತ್ರಿ. ಕಟ್ಟೋನ್ನ ಒಂದ್ ಸಲ ಕರೆದು ಕೇಳಿದ್ರಾ?"

ರಾಯ ತಲೆ ತಗ್ಗಿಸಿದ. ಮುತ್ತಣ್ಣನ ಸಂಕೋಲೆ ಬಿಚ್ಚಿಸಿ ಸಭೆಗೆ ಕರೆಸಿದ. ಆಮೇಲೆ ತಟ್ಟೆಯ ವೀಳ್ಯ ಎತ್ತಿ, ಹೊಸ ಸೇತುವೆಗೆಂದು ಬೈರನ ಮುಂದೆ ಚಾಚಿದ. ಬೈರ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಮ್ಮಣ್ಣ ಹೊಳೆ ನೋಡಿ ಆಯ್ತದೆ ಅಂದ್ರೆ ಹಿಡೀತೀನಿ. ಆಗಕ್ಕಿಲ್ಲ ಅಂದ್ರೆ ಅದ್ನೇ ಬಂದ್ ಹೇಳ್ತೀನಿ. ಇನ್ನು ನನ್ ವರ: ವೀಳ್ಯ ಹಿಡಿದೋನು ಮೊದಲ್ನೇ ಆನೆ ದಾಟೋವಾಗ ಕಮಾನಿನ ಕೆಳಗೆ ನಿಂತಿರ್ಬೇಕು. ಹಳೇ ವೀಳ್ಯ ಹಿಡಿದೋರೂ ನನ್ ಪಕ್ಕ ನಿಲ್ಲಲಿ."

ರಾಯ ಒಪ್ಪಿದ, ಮುತ್ತಣ್ಣ ಹೊಳೆ ನೋಡಿ ಆಗುತ್ತದೆ ಎಂದ ಮೇಲೆಯೇ ಬೈರ ವೀಳ್ಯ ಹಿಡಿದ. ಹೊಸ ಸೇತುವೆಗೆ ಅಣ್ಣ ಎಷ್ಟು ಬೇಸಿಗೆ ಕೇಳಿದನೋ ಅಷ್ಟನ್ನೂ ಬೈರ ಅರಮನೆಯಲ್ಲಿ ಜಗಳವಾಡಿ ಕೊಡಿಸಿದ. ಅಂತೂ ಆನೆ ಕಾಲಿಟ್ಟ ದಿನ ಕೆಳಗೆ ಬೈರ ನಿಂತಿದ್ದ, ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಮಾಚರಸ. ಆನೆ ದಾಟಿತು. ಒಂದು ಹರಳೂ ಉದುರಲಿಲ್ಲ. ಜನ ಜಯಕಾರ ಹಾಕಿದರು, ಬೈರ ಹಾಕಲಿಲ್ಲ. ಹಳೆಯ ಸೇತುವೆಯೊಂದಿಗೆ ಹೋದವರು ಅವನ ಕಣ್ಣ ಮುಂದೆಯೇ ಇದ್ದರು.

ಅಂದಿನಿಂದ ಕಲ್ಗುಂದದಲ್ಲಿ ವೀಳ್ಯ ಚಾಚಿದ ಕೂಡಲೇ ಯಾರೂ ಕೈ ನೀಡುವುದಿಲ್ಲ. ಎದುರಿಗಿರುವವನು ಅರಸನೇ ಆಗಿರಲಿ, ಮೊದಲು ಅವನ ಮುಖ ನೋಡಿ ಕೇಳುತ್ತಾರೆ: "ಗಾಡಿಯೋ, ಆನೆಯೋ?"